1,86,000 ಸಾಲಿನ ಜರ್ಮನ್ ಡೇಟಾಬೇಸ್ ಇಂಗ್ಲಿಷಿಗೆ ತರಬೇಕು. ಎಲ್ಲಿಂದ ಶುರು ಮಾಡಲಿ?

ಗೋಕುಲರೋಡ್_ಸ್ಟೋರ್ಸ್

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ನಮ್ಮದು ವಾಲ್ವ್ ಮತ್ತು ಅದರ ಸ್ಪೇರ್ ಪಾರ್ಟ್ ಮಾಡುವ ಜಾಗ. ಸ್ಟೋರ್ಸ್ ಲೆಕ್ಕವೂ ನನ್ನದೇ, ಕಂಪ್ಯೂಟರ್ ಕೆಲಸವೂ ನನ್ನದೇ.

ನಮಗೆ ಆರ್ಡರ್ ಕೊಡುವ ಜರ್ಮನಿಯ ಒಂದು ಕಂಪನಿ ತನ್ನ ಹಳೇ ಪಾರ್ಟ್‌ಗಳ ಡೇಟಾಬೇಸನ್ನು ಪೂರ್ತಿ ನಮ್ಮ ಕೈಗೆ ಕೊಟ್ಟಿದೆ. ಒಟ್ಟು 1,86,000 ಸಾಲು. ಪಾರ್ಟಿನ ಹೆಸರು, ವಿವರ, ಷರಾ ಎಲ್ಲಾ ಜರ್ಮನ್. ಇನ್ನು ಮುಂದೆ ಈ ಸ್ಪೇರ್‌ಗಳನ್ನು ಗಲ್ಫ್ ಕಡೆಯ ಗಿರಾಕಿಗಳಿಗೆ ನಾವೇ ಕಳಿಸಬೇಕು. ಅವರಿಗೆ ಎಲ್ಲವೂ ಇಂಗ್ಲಿಷಿನಲ್ಲಿ ಬೇಕು. ಮಾಲೀಕರು ಎರಡು ತಿಂಗಳು ಕೊಟ್ಟಿದ್ದಾರೆ.

ಮೊದಲು ಒಂದು ಏಜೆನ್ಸಿಗೆ 5,000 ಸಾಲು ಕೊಟ್ಟು ನೋಡಿದೆವು. ನಾಲ್ಕೇ ದಿನದಲ್ಲಿ ವಾಪಸ್ ಬಂತು, ಖುಷಿಯಾಯಿತು. ಪ್ರಿಂಟ್ ತೆಗೆದು ನಮ್ಮ ಫೋರ್‌ಮನ್ ಕಾಕಾಗೆ ಕೊಟ್ಟೆ. ಮೂವತ್ತು ವರ್ಷದಿಂದ ವಾಲ್ವ್ ಬಿಚ್ಚಿ ಕಟ್ಟಿದವರು ಅವರು. ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿದರು. ಒಂದು ಕಡೆ ಬೆರಳಿಟ್ಟು, "ಇದೇನವ್ವಾ, ಪೊಯೆಟ್ರಿ, ಎರಡು ಮಿಲಿಮೀಟರ್ ದಪ್ಪ?" ಅಂದರು. ಕೆಳಗಿನ ಸಾಲಿನಲ್ಲಿ "ಮದರ್, ಹಿತ್ತಾಳೆ" ಅಂತಿತ್ತು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಇದು ಗಿರಾಕಿಯ ಕೈಗೆ ಹೋಗಿದ್ದರೆ ನಮ್ಮ ಮಾನ ಏನಾಗುತ್ತಿತ್ತು?

ನನಗೆ ಜರ್ಮನ್ ಒಂದಕ್ಷರ ಬರುವುದಿಲ್ಲ. ಡೇಟಾಬೇಸ್ ಕೆಲಸ ಅಷ್ಟಿಷ್ಟು ಬರುತ್ತದೆ. ದಾರಿ ತೋರಿಸಿ.

ಉಣಕಲ್_ಕೆರೆದಂಡೆ

ಅಕ್ಕಾ, ಮೊದಲನೇ ಮಾತು. ಜರ್ಮನ್ ಕಾಲಂ ಮುಟ್ಟಬೇಡಿ. ಅದರ ಮೇಲೆಯೇ ಇಂಗ್ಲಿಷ್ ಬರೆದರೆ ತಪ್ಪಾದಾಗ ಹಿಂದಕ್ಕೆ ಹೋಗಲು ದಾರಿಯೇ ಇರುವುದಿಲ್ಲ. ಪೂರ್ತಿ ಬ್ಯಾಕಪ್ ತೆಗೆದು ಬೇರೆ ಡಿಸ್ಕಿನಲ್ಲಿಡಿ. ಅನುವಾದಕ್ಕೆ ಬೇರೆ ಟೇಬಲ್ ಮಾಡಿ. ಅದರಲ್ಲಿ ಜರ್ಮನ್ ಪಠ್ಯ, ಇಂಗ್ಲಿಷ್ ಪಠ್ಯ, ಯಾರು ನೋಡಿದರು, ಯಾವಾಗ ನೋಡಿದರು, ಇಷ್ಟಿರಲಿ. ಜರ್ಮನ್ ಪಠ್ಯದ ಒಂದು ಹ್ಯಾಶ್ (ಪಠ್ಯದಿಂದ ಲೆಕ್ಕ ಹಾಕಿ ಬರುವ ಗುರುತು, ಪಠ್ಯ ಬದಲಾದರೆ ಅದೂ ಬದಲಾಗುತ್ತದೆ) ಕೂಡ ಇಟ್ಟರೆ, ನಾಳೆ ಅವರು ಮೂಲದಲ್ಲಿ ಏನಾದರೂ ತಿದ್ದಿದಾಗ ಯಾವ ಅನುವಾದ ಹಳತಾಯಿತು ಅಂತ ತಾನಾಗಿಯೇ ಗೊತ್ತಾಗುತ್ತದೆ.

ಎರಡನೇದು, 1,86,000 ನೋಡಿ ಹೆದರಬೇಡಿ. ಅಷ್ಟು ಸಾಲು ಇವೆ ಅಂದರೆ ಅಷ್ಟು ಮಾತು ಇವೆ ಅಂತ ಅರ್ಥ ಅಲ್ಲ. ಒಂದೇ ಬೋಲ್ಟಿನ ಹೆಸರು ಎಂ8, ಎಂ10, ಎಂ12 ಅಂತ ಹತ್ತಾರು ಅಳತೆಯಲ್ಲಿ ಹತ್ತಾರು ಸಾಲಾಗಿ ಕೂತಿರುತ್ತದೆ. ಅಂಕಿಗಳ ಜಾಗದಲ್ಲಿ ಒಂದು ಗುರುತು ಹಾಕಿ, ಆಮೇಲೆ ಒಂದೇ ಥರದ ಸಾಲುಗಳನ್ನು ಒಂದೇ ಸಲ ತೋರಿಸುವ ಸೆಲೆಕ್ಟ್ ಡಿಸ್ಟಿಂಕ್ಟ್ ಆಜ್ಞೆ ಓಡಿಸಿ ನೋಡಿ. ಎಷ್ಟು ಉಳಿಯುತ್ತದೆ ಅಂತ ಇಲ್ಲಿ ಹೇಳಿ.

ಗೋಕುಲರೋಡ್_ಸ್ಟೋರ್ಸ್

ಈಗಷ್ಟೇ ಓಡಿಸಿದೆ. ಸುಮ್ನೆ ಡಿಸ್ಟಿಂಕ್ಟ್ ಹಾಕಿದಾಗ 41,000. ಅಂಕಿ ತೆಗೆದು ಗುರುತು ಹಾಕಿದ ಮೇಲೆ 6,300! ತುಂಬಾ ಸಮಾಧಾನವಾಯಿತು ತಮ್ಮಾ.

ಆದರೆ ಇನ್ನೊಂದು ತೊಂದರೆ. ಕೆಲವು ಸಾಲುಗಳಲ್ಲಿ ಪದದ ನಡುವೆ ವಿಚಿತ್ರ ಚಿಹ್ನೆಗಳಿವೆ. ಒಂದು ಅಕ್ಷರ ಇರಬೇಕಾದಲ್ಲಿ ಎರಡು ಅಡ್ಡಾದಿಡ್ಡಿ ಅಕ್ಷರ ಬಂದಿವೆ.

ಉಣಕಲ್_ಕೆರೆದಂಡೆ

ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತವನ್ನು ಬೇರೆ ಕಡೆ ತೆರೆದಾಗ ಆಗುವ ಗೋಳು ನಮಗೆಲ್ಲ ಗೊತ್ತಲ್ವಾ, ಇದೂ ಅದೇ ಜಾತಿಯದು. ಜರ್ಮನ್‌ನಲ್ಲಿ ಎ, ಒ, ಯು ಮೇಲೆ ಎರಡು ಚುಕ್ಕಿ ಇರುವ ಅಕ್ಷರಗಳಿವೆ, ಉಮ್‌ಲೌಟ್ ಅಂತಾರೆ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಅಂಕಿಯಾಗಿ ಇಡುವ ಈಗಿನ ಪದ್ಧತಿ ಯುಟಿಎಫ್-8. ಅದರಲ್ಲಿ ಈ ಅಕ್ಷರ ಎರಡು ಬೈಟ್. ಹಳೇ ಪದ್ಧತಿಯಾದ ಲ್ಯಾಟಿನ್-1 ಅಂತ ಓದಿದರೆ ಆ ಎರಡು ಬೈಟು ಎರಡು ಅಕ್ಷರವಾಗಿ ಕಾಣುತ್ತವೆ. ಹಳೇ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಏನೂ ಹೇಳದಿದ್ದರೆ ಲ್ಯಾಟಿನ್-1 ಇರುತ್ತಿತ್ತು, 8.0 ಆವೃತ್ತಿಯಿಂದ ಯುಟಿಎಫ್-8ರ ಪೂರ್ತಿ ರೂಪ ಯುಟಿಎಫ್8ಎಂಬಿ4 ಆಯಿತು. ನೀವೂ ಅದನ್ನೇ ಇಟ್ಟುಕೊಳ್ಳಿ.

ಇದನ್ನು ಅನುವಾದಕ್ಕೆ ಮೊದಲೇ ಸರಿ ಮಾಡಬೇಕು. ಕೆಟ್ಟ ಪದವನ್ನು ಯಂತ್ರಕ್ಕೆ ಕೊಟ್ಟರೆ ಅದು ಊಹೆ ಮಾಡಿ ಏನೋ ಒಂದು ಬರೆಯುತ್ತದೆ, ಆ ಊಹೆ ಸಾಲಿನಲ್ಲಿ ನೆಟ್ಟಗೆ ಕೂತುಬಿಡುತ್ತದೆ. ಇನ್ನೊಂದು, ಹಳೇ ಕಂಪ್ಯೂಟರಿನಲ್ಲಿ ಉಮ್‌ಲೌಟ್ ಸಿಗದವರು ಎ ಮುಂದೆ ಇ, ಯು ಮುಂದೆ ಇ ಅಂತ ಬರೆದಿರುತ್ತಾರೆ. ಎರಡೂ ಒಂದೇ ಪದ. ಅವುಗಳನ್ನು ಜೋಡಿ ಮಾಡಿದರೆ ನಿಮ್ಮ 6,300 ಇನ್ನೂ ಇಳಿಯುತ್ತದೆ.

ಸಪ್ತಾಪುರ_ಜರ್ಮನ್

ತಂಗೀ, ಸ್ಟುಟ್‌ಗಾರ್ಟ್ ಕಡೆ ಒಂಬತ್ತು ವರ್ಷ ಇದ್ದು ಈಗ ಧಾರವಾಡಕ್ಕೆ ಮರಳಿದ್ದೇನೆ. ಅನುವಾದದ ಕೆಲಸವೇ ಮಾಡುವುದು. ನಿಮ್ಮ "ಪೊಯೆಟ್ರಿ" ಎಲ್ಲಿಂದ ಬಂತು ಅಂತ ಹೇಳುತ್ತೇನೆ.

ಜರ್ಮನ್‌ನಲ್ಲಿ ಡಿಖ್ಟುಂಗ್ ಅಂದರೆ ಸೋರದಂತೆ ನಡುವೆ ಇಡುವ ಗ್ಯಾಸ್ಕೆಟ್, ಸೀಲ್. ಕವಿತೆ ಅಂತಲೂ ಅರ್ಥ. ಮುಟರ್ ಅಂದರೆ ತಾಯಿ, ನಟ್ ಕೂಡ. ಫೇಡರ್ ಅಂದರೆ ಹಕ್ಕಿಯ ಗರಿ, ಸ್ಪ್ರಿಂಗೂ ಹೌದು. ವೆಲ್ಲೆ ಅಂದರೆ ಅಲೆ, ಶಾಫ್ಟ್ ಕೂಡ. ಲಾಗರ್ ಅಂದರೆ ಬೇರಿಂಗ್, ಗೋದಾಮೂ ಹೌದು. ಹಾನ್ ಅಂದರೆ ಹುಂಜ, ನಲ್ಲಿ ಕೂಡ. ನಿಮ್ಮ ಬಾಲ್ ವಾಲ್ವ್‌ಗೆ ಅವರು ಕೂಗೆಲ್‌ಹಾನ್ ಅನ್ನುತ್ತಾರೆ. ಬಿಡಿಸಿದರೆ ಗುಂಡಿನ ನಲ್ಲಿ. ಪದ ಒಂದೇ ನೋಡಿದರೆ ಗುಂಡಿನ ಹುಂಜ.

ಇದು ಜರ್ಮನ್ ಭಾಷೆಯ ದೋಷ ಅಲ್ಲ. ನಮ್ಮಲ್ಲಿ "ಕಾಲು ಇಂಚು ಪೈಪ್" ಅನ್ನುವುದನ್ನು ಕನ್ನಡ ಗೊತ್ತಿಲ್ಲದವರು ಪದ ಪದ ಹುಡುಕಿದರೆ ಪಾದದ ಮೇಲಿನ ಕಾಲೇ ಸಿಗುತ್ತದೆ. ಅಂಗಡಿಯಲ್ಲಿ ನಿಂತು ಕೇಳಿದವನಿಗೆ ಮಾತ್ರ ಅದು ನಾಲ್ಕನೇ ಒಂದು ಭಾಗ ಅಂತ ತಿಳಿಯುತ್ತದೆ. ನಿಮ್ಮ ಏಜೆನ್ಸಿಯವರಿಗೆ ಆ ಅಂಗಡಿ ಕಂಡಿಲ್ಲ, ಅಷ್ಟೇ. ಅವರಿಗೆ ಬರೀ ವಿವರದ ಕಾಲಂ ಕೊಟ್ಟಿದ್ದಿರಾ?

ಗೋಕುಲರೋಡ್_ಸ್ಟೋರ್ಸ್

ಹೌದು ಅಕ್ಕಾ. ಒಂದೇ ಕಾಲಂ. ಪಾರ್ಟ್ ಯಾವ ಗ್ರೂಪಿಗೆ ಸೇರಿದ್ದು ಅನ್ನುವ ಕಾಲಂ ಬೇರೆ ಟೇಬಲ್‌ನಲ್ಲಿದೆ, ಕಳಿಸಿರಲಿಲ್ಲ. ತಪ್ಪು ಅರ್ಧ ನನ್ನದೂ ಇದೆ.

ಸಪ್ತಾಪುರ_ಜರ್ಮನ್

ಹಾಗಾದರೆ ಗ್ರೂಪ್ ಹೆಸರು, ಲೋಹ, ಡ್ರಾಯಿಂಗ್ ನಂಬರ್ ಮೂರನ್ನೂ ಪ್ರತಿ ಪದದ ಪಕ್ಕ ಇಟ್ಟುಕೊಂಡು ಶುರು ಮಾಡಿ. ಗ್ರೂಪ್ "ಸೀಲಿಂಗ್" ಅಂತಿದ್ದರೆ ಡಿಖ್ಟುಂಗ್ ಕವಿತೆ ಆಗುವುದು ಹೇಗೆ?

ಆದರೆ ನನ್ನ ನಿಜವಾದ ಭಯ ದೊಡ್ಡ ಪದಗಳದ್ದಲ್ಲ. ಕವಿತೆ ಅಂತ ಬಂದರೆ ಕಾಕಾ ಹಿಡಿದುಬಿಟ್ಟರು. ಸಣ್ಣ ಗುರುತುಗಳು ಕಣ್ಣಿಗೆ ಬೀಳುವುದಿಲ್ಲ. ಪಾರ್ಟ್ ಪಟ್ಟಿಯಲ್ಲಿ "ಎಂ" ಮುಂದೆ ಚುಕ್ಕಿ ಇದ್ದರೆ "ಮಿಟ್", ಅಂದರೆ ಜೊತೆಗೆ. "ಒ" ಮುಂದೆ ಚುಕ್ಕಿ ಇದ್ದರೆ "ಓನೆ", ಅಂದರೆ ಇಲ್ಲದೆ. ಅದೇ "ಒ" ಕೆಲವು ಕಡೆ "ಓಡರ್", ಅಂದರೆ ಅಥವಾ. ಇನ್ನು ಕೆಲವು ಕಡೆ "ಓಬೆನ್", ಅಂದರೆ ಮೇಲೆ. "ವಾಲ್ವ್, ಗ್ಯಾಸ್ಕೆಟ್ ಇಲ್ಲದೆ" ಅನ್ನುವುದರಲ್ಲಿ ಆ ಒಂದಕ್ಷರ ಬಿದ್ದುಹೋದರೆ ಗಿರಾಕಿ ಗ್ಯಾಸ್ಕೆಟ್ ಬರುತ್ತದೆ ಅಂತ ಕಾಯುತ್ತಾ ಕೂರುತ್ತಾನೆ. ಸಾಲು ಓದಿದರೆ ಇಂಗ್ಲಿಷ್ ಚೆನ್ನಾಗಿಯೇ ಇರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಮೊದಲು ಈ ಸಂಕ್ಷೇಪಗಳ ಪಟ್ಟಿ ಮಾಡಿ ನನಗೆ ಕಳಿಸಿ. ದುಡ್ಡೇನೂ ಬೇಡ.

ಚಿಗರಿ_ಪ್ರಯಾಣಿಕ

ಎಲ್ಲರ ಮಾತಿಗೂ ಗೌರವ ಇದೆ, ಆದರೆ ಇದನ್ನು ಇಷ್ಟು ಉದ್ದ ಮಾಡಬೇಕಾ? ಈಗಿನ ಎಐ ಮಾಡೆಲ್‌ಗಳು ಜರ್ಮನ್‌ನಿಂದ ಇಂಗ್ಲಿಷಿಗೆ ತುಂಬಾ ಚೆನ್ನಾಗಿ ಮಾಡುತ್ತವೆ. 2016ರಲ್ಲಿ ಗೂಗಲ್ ಅನುವಾದ ಪೂರ್ತಿ ವಾಕ್ಯ ನೋಡಿ ಕಲಿತು ಮಾಡುವ ನ್ಯೂರಲ್ ಪದ್ಧತಿಗೆ ಬಂತು, 2017ರಲ್ಲಿ ಜರ್ಮನಿಯ ಕೊಲೋನ್‌ನಿಂದ ಡೀಪ್‌ಎಲ್ ಅನುವಾದ ಸೇವೆ ಬಂತು. ಆಮೇಲಂತೂ ಎಷ್ಟೋ ಮುಂದೆ ಹೋಗಿದೆ. ಒಂದು ಸ್ಕ್ರಿಪ್ಟ್ ಬರೆದು ರಾತ್ರಿ ಬಿಟ್ಟರೆ ಬೆಳಗಾಗುವುದರೊಳಗೆ ಮುಗಿದಿರುತ್ತದೆ. ಎರಡು ತಿಂಗಳು ಯಾಕೆ?

ಸಪ್ತಾಪುರ_ಜರ್ಮನ್

ಯಂತ್ರ ಬೇಡ ಅಂತ ನಾನು ಹೇಳುತ್ತಿಲ್ಲ, ನಾನೂ ದಿನಾ ಬಳಸುತ್ತೇನೆ. ಪೂರ್ತಿ ವಾಕ್ಯ ಕೊಟ್ಟರೆ ಬಹಳ ಚೆನ್ನಾಗಿ ಮಾಡುತ್ತದೆ. ಆದರೆ ಡೇಟಾಬೇಸ್‌ನಲ್ಲಿ ವಾಕ್ಯ ಎಲ್ಲಿದೆ? ಎರಡು ಪದ, ಮೂರು ಪದ, ಅರ್ಧ ಮುರಿದ ಪದ. ಅದಕ್ಕೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ.

ಇನ್ನೊಂದು, ಒಂದೇ ಥರ ಬರಬೇಕು. ಶ್ರೌಬೆ ಅನ್ನುವ ಪದಕ್ಕೆ ಇಂಗ್ಲಿಷಿನಲ್ಲಿ ಸ್ಕ್ರೂ ಅಂತಲೂ ಹೇಳಬಹುದು, ಬೋಲ್ಟ್ ಅಂತಲೂ ಹೇಳಬಹುದು. ಯಂತ್ರ ಹತ್ತನೇ ಸಾಲಿನಲ್ಲಿ ಸ್ಕ್ರೂ ಅನ್ನುತ್ತದೆ, ಹನ್ನೊಂದನೇ ಸಾಲಿನಲ್ಲಿ ಬೋಲ್ಟ್ ಅನ್ನುತ್ತದೆ. ಎರಡೂ ತಪ್ಪಲ್ಲ. ಆದರೆ ಗಿರಾಕಿ ಬೋಲ್ಟ್ ಅಂತ ಹುಡುಕಿದಾಗ ಅರ್ಧ ಸಿಗುತ್ತದೆ, ಅರ್ಧ ಸಿಗುವುದಿಲ್ಲ. ಸ್ಟಾಕ್ ಇದ್ದರೂ ಇಲ್ಲ ಅಂತಾಗುತ್ತದೆ.

ನೀವೇ ಪರೀಕ್ಷೆ ಮಾಡಿ ನೋಡಿ. ಅಕ್ಕನ ಹತ್ತಿರ ಗುಟ್ಟಲ್ಲದ 200 ಸಾಲು ಇಸಿದುಕೊಳ್ಳಿ. ಒಮ್ಮೆ ಗ್ರೂಪ್ ಹೆಸರು ಇಲ್ಲದೆ, ಒಮ್ಮೆ ಗ್ರೂಪ್ ಹೆಸರು ಮತ್ತು ಯಾವ ಜರ್ಮನ್ ಪದಕ್ಕೆ ಯಾವ ಇಂಗ್ಲಿಷ್ ಪದ ಅನ್ನುವ ಪದಪಟ್ಟಿ ಕೊಟ್ಟು ಓಡಿಸಿ.

ಚಿಗರಿ_ಪ್ರಯಾಣಿಕ

ಸರಿ, ಮಾಡುತ್ತೇನೆ ಅಕ್ಕಾ.

ಬ್ಯಾಡಗಿ_ಪೇಟೆ

ನಮ್ಮ ಕಡೆಯದೊಂದು ಅನುಭವ. ಹಾವೇರಿ ಜಿಲ್ಲೆ ಬ್ಯಾಡಗಿಯಿಂದ ಬರೆಯುತ್ತಿದ್ದೇನೆ. ನಮ್ಮ ಮೆಣಸಿನಕಾಯಿಯ ಬಣ್ಣಕ್ಕೆ ಹೊರಗಡೆ ಬಹಳ ಬೇಡಿಕೆ. ಖಾರ ಕಡಿಮೆ, ಕೆಂಪು ಜಾಸ್ತಿ. 2011ರಲ್ಲಿ ಜಿಐ ಗುರುತೂ ಸಿಕ್ಕಿದೆ. ಜರ್ಮನಿಯ ಒಬ್ಬ ಖರೀದಿದಾರರು ಲ್ಯಾಬ್ ರಿಪೋರ್ಟುಗಳ ಪಟ್ಟಿ ಕಳಿಸಿದ್ದರು. ಅದರಲ್ಲಿ "ಪಾಪ್ರಿಕಾ" ಅಂತ ಎಲ್ಲಾ ಕಡೆ ಇತ್ತು. ಇಂಗ್ಲಿಷಿನಲ್ಲಿ ಪ್ಯಾಪ್ರಿಕಾ ಅಂದರೆ ಕೆಂಪು ಪುಡಿ ಅಲ್ವಾ, ಹಾಗೇ ಬಿಟ್ಟೆವು. ಆಮೇಲೆ ನೋಡಿದರೆ ಜರ್ಮನ್‌ನಲ್ಲಿ ಪಾಪ್ರಿಕಾ ಅಂದರೆ ಪುಡಿಯೂ ಹೌದು, ದೊಣ್ಣೆ ಮೆಣಸಿನಕಾಯಿಯೂ ಹೌದು. ತರಕಾರಿಯ ರಿಪೋರ್ಟನ್ನು ನಮ್ಮ ಪುಡಿಯ ರಿಪೋರ್ಟ್ ಅಂತ ಫೈಲ್ ಮಾಡಿದ್ದೆವು. ಇಂಗ್ಲಿಷಿನಲ್ಲೂ ಅದೇ ಪದ ಇದೆ ಅಂದಾಗಲೇ ಜಾಸ್ತಿ ಹುಷಾರಾಗಿರಬೇಕು.

ಇನ್ನೊಂದು. ದಯವಿಟ್ಟು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಬೇಡಿ. ಮುಕ್ಕಾಲು ಇಂಚು ಅಂತ ಮೂರು ಗೆರೆ ನಾಲ್ಕು ಬರೆದಿದ್ದರೆ ಅದು ಏಪ್ರಿಲ್ 3 ಆಗಿಬಿಡುತ್ತದೆ. ಪಾರ್ಟ್ ನಂಬರಿನ ಮುಂದಿನ ಸೊನ್ನೆಗಳೂ ಹೋಗುತ್ತವೆ. ತೆರೆಯಲೇಬೇಕು ಅಂದರೆ ಇಂಪೋರ್ಟ್ ಮಾಡುವಾಗ ಎಲ್ಲಾ ಕಾಲಂಗಳನ್ನೂ ಟೆಕ್ಸ್ಟ್ ಅಂತ ಆರಿಸಿ.

ಗೋಕುಲರೋಡ್_ಸ್ಟೋರ್ಸ್

ಅಯ್ಯೋ, ಮುಕ್ಕಾಲು ಇಂಚಿನ ವಾಲ್ವ್ ನಮ್ಮಲ್ಲಿ ರಾಶಿ ಇವೆ. ಒಳ್ಳೇ ಹೊತ್ತಿಗೆ ಹೇಳಿದಿರಿ ಅಣ್ಣಾ.

ಜರ್ಮನ್ನರು ದಶಮಾಂಶಕ್ಕೆ ಕಾಮಾ ಹಾಕುತ್ತಾರೆ, ಸಾವಿರಕ್ಕೆ ಚುಕ್ಕಿ ಹಾಕುತ್ತಾರೆ ಅಂತ ಗೊತ್ತಾಯಿತು. ನಿನ್ನೆ ಒಂದು ಸ್ಕ್ರಿಪ್ಟ್ ಬರೆದು ಚುಕ್ಕಿ ತೆಗೆದು, ಕಾಮಾವನ್ನು ಚುಕ್ಕಿ ಮಾಡಿದೆ. ಸರಿ ಅಲ್ವಾ?

ಉಣಕಲ್_ಕೆರೆದಂಡೆ

ನಿಲ್ಲಿಸಿ ಅಕ್ಕಾ! ಎಲ್ಲಾ ಕಾಲಂಗೂ ಓಡಿಸಿದಿರಾ? ಲೋಹದ ಕಾಲಂ ತೆಗೆದು ನೋಡಿ.

ಗೋಕುಲರೋಡ್_ಸ್ಟೋರ್ಸ್

ನೋಡಿದೆ. ಕೈ ನಡುಗುತ್ತಿದೆ. ಯುರೋಪಿನವರು ಲೋಹಕ್ಕೆ 1.4408, 1.0619 ಅಂತ ನಂಬರ್ ಕೊಡುತ್ತಾರೆ. 1.4408 ಅಂದರೆ ನಾವು ಸಿಎಫ್8ಎಂ ಅನ್ನುವ ಸ್ಟೇನ್‌ಲೆಸ್ ಎರಕ. 1.0619 ಅಂದರೆ ಡಬ್ಲ್ಯುಸಿಬಿ, ಕಾರ್ಬನ್ ಸ್ಟೀಲ್. ಚುಕ್ಕಿ ಹೋಗಿ 14408, 10619 ಆಗಿ ಕೂತಿವೆ. ಪುಣ್ಯಕ್ಕೆ ನೀವು ಹೇಳಿದಂತೆ ಮೂಲ ಟೇಬಲ್ ಮುಟ್ಟಿರಲಿಲ್ಲ, ನಕಲಿನ ಮೇಲೆ ಓಡಿಸಿದ್ದೆ. ಅಳಿಸಿ ಮತ್ತೆ ಶುರು ಮಾಡುತ್ತೇನೆ. ಈ ಸಲ ತೂಕ, ಬೆಲೆ, ಉದ್ದ ಈ ಮೂರು ಕಾಲಂಗೆ ಮಾತ್ರ.

ಗದಗ_ಪ್ರೆಸ್

ನಾವು ಗದಗದಲ್ಲಿ ಮೊದಲಿಂದ ಛಾಪಖಾನೆಯವರು. ಕರಡು ತಿದ್ದುವ ನಮ್ಮ ಹಳೇ ಪದ್ಧತಿ ಹೇಳುತ್ತೇನೆ. ಒಬ್ಬರು ಮೂಲ ಹಿಡಿದು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಿನ ಹಾಳೆ ನೋಡಬೇಕು. ಒಬ್ಬರೇ ಎರಡೂ ನೋಡಿದರೆ ಕಣ್ಣು ತನಗೆ ಬೇಕಾದ್ದನ್ನೇ ಓದಿಕೊಳ್ಳುತ್ತದೆ. ಅಂಕಿ ಇರುವ ಕಡೆ ಇದು ಬೇಕೇ ಬೇಕು.

ಉಣಕಲ್_ಕೆರೆದಂಡೆ

ಅಕ್ಕಾ ಕಳಿಸಿದ ಮಾದರಿಯಲ್ಲಿ ಇನ್ನೊಂದು ಸಿಕ್ಕಿತು, ಎಲ್ಲರಿಗೂ ಉಪಯೋಗ ಆಗುತ್ತದೆ ಅಂತ ಬರೆಯುತ್ತೇನೆ.

ಜರ್ಮನ್‌ನಲ್ಲಿ ಎಸ್‌ತ್ಸೆಟ್ ಅಂತ ಒಂದು ಅಕ್ಷರ ಇದೆ. ನೋಡಲು ಇಂಗ್ಲಿಷಿನ ಬಿ ಥರ, ಓದುವುದು ಸ. ಮಾಸೆ ಅಂತ ದೀರ್ಘವಾಗಿ ಹೇಳಿ ಆ ಅಕ್ಷರ ಹಾಕಿದರೆ ಅಳತೆಗಳು. ಮಸ್ಸೆ ಅಂತ ಹ್ರಸ್ವವಾಗಿ ಹೇಳಿ ಎರಡು ಎಸ್ ಹಾಕಿದರೆ ದ್ರವ್ಯರಾಶಿ. ನಮ್ಮ ಬಲ, ಬಾಲ ಇದ್ದಂತೆ. ಆದರೆ ಮೈಎಸ್‌ಕ್ಯೂಎಲ್‌ನ ಯೂನಿಕೋಡ್ ಕೊಲೇಶನ್‌ನಲ್ಲಿ (ಯಾವ ಅಕ್ಷರ ಯಾವುದಕ್ಕೆ ಸಮ ಅನ್ನುವ ನಿಯಮ) ಎಸ್‌ತ್ಸೆಟ್ ಮತ್ತು ಎರಡು ಎಸ್ ಎರಡೂ ಒಂದೇ. ಡಿಸ್ಟಿಂಕ್ಟ್ ಹಾಕಿದಾಗ ಎರಡು ಪದ ಸೇರಿ ಒಂದಾಗಿವೆ! ಅಳತೆ ಇರಬೇಕಾದ ಕಡೆ ತೂಕ ಅಂತ ಬರುತ್ತಿತ್ತು. ಪ್ರತಿ ಅಕ್ಷರವನ್ನೂ ಬೇರೆಯೇ ಅಂತ ನೋಡುವ ಬೈನರಿ ಕೊಲೇಶನ್ ಹಾಕಿ ಮತ್ತೆ ಓಡಿಸಿ. ಒಟ್ಟು ಸ್ವಲ್ಪ ಹೆಚ್ಚಾಗುತ್ತದೆ, ಆಗಲಿ.

ಸಪ್ತಾಪುರ_ಜರ್ಮನ್

ಇದಕ್ಕೆ ಇನ್ನೊಂದು ಮಾತು ಸೇರಿಸುತ್ತೇನೆ. 1996ರ ಕಾಗುಣಿತ ಸುಧಾರಣೆಯಲ್ಲಿ ಹ್ರಸ್ವ ಸ್ವರದ ಮುಂದಿನ ಎಸ್‌ತ್ಸೆಟ್ ತೆಗೆದು ಎರಡು ಎಸ್ ಮಾಡಿದರು. ಹಾಗಾಗಿ ಹಳೇ ಸಾಲಿನಲ್ಲಿ ಒಂದು ರೂಪ, ಹೊಸ ಸಾಲಿನಲ್ಲಿ ಇನ್ನೊಂದು ರೂಪ ಇರುತ್ತದೆ. ಸ್ವಿಟ್ಜರ್‌ಲೆಂಡಿನವರು ಆ ಅಕ್ಷರ ಬಳಸುವುದೇ ಇಲ್ಲ. ಯಾವುದು ಒಂದೇ ಪದ, ಯಾವುದು ಬೇರೆ ಪದ ಅಂತ ಕಂಪ್ಯೂಟರಿಗೆ ಬಿಡಬೇಡಿ, ಅಂಥವನ್ನೆಲ್ಲ ನನಗೆ ಕಳಿಸಿ.

ಧಾರವಾಡದ_ಮಾಸ್ತರ

ನಾನು ನಿವೃತ್ತ ಶಿಕ್ಷಕ. ಕಂಪ್ಯೂಟರ್ ವಿಷಯ ನನಗೆ ಗೊತ್ತಿಲ್ಲ. ಆದರೆ ನಿಮ್ಮ ಚರ್ಚೆ ಓದುತ್ತಾ ಕಿಟೆಲ್ ನೆನಪಾದರು. ಫರ್ಡಿನಾಂಡ್ ಕಿಟೆಲ್ ಜರ್ಮನಿಯವರು, 1853ರಲ್ಲಿ ಬಾಸೆಲ್ ಮಿಷನ್ ಕಡೆಯಿಂದ ಈ ಸೀಮೆಗೆ ಬಂದರು. ನಮ್ಮ ಧಾರವಾಡದಲ್ಲೂ ಇದ್ದವರು, ಅವರ ಹೆಸರಿನ ಕಾಲೇಜು ಇಲ್ಲೇ ಇದೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್‌ನಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಯಿತು. ಸುಮಾರು 70,000 ಪದಗಳು. ಪದ ಕನ್ನಡದ್ದು, ಅರ್ಥ ಇಂಗ್ಲಿಷಿನಲ್ಲಿ, ಬರೆದವರು ಜರ್ಮನ್. ಎರಡೂ ಅವರ ತಾಯಿನುಡಿ ಅಲ್ಲ.

ಆ ನಿಘಂಟು ತೆಗೆದು ನೋಡಿ. ಪದದ ಮುಂದೆ ಬರೀ ಅರ್ಥ ಕೊಟ್ಟು ಅವರು ಸುಮ್ಮನಾಗಲಿಲ್ಲ. ಯಾವ ಕಾವ್ಯದಲ್ಲಿ ಬಂದಿದೆ, ಯಾವ ಗಾದೆಯಲ್ಲಿ ಬಂದಿದೆ ಅಂತ ತೋರಿಸಿದ್ದಾರೆ. ಈ ತಾಯಿ ಪದದ ಪಕ್ಕ ಗ್ರೂಪ್ ಹೆಸರು ಇಡಬೇಕು ಅಂತ ಹೇಳಿದ್ದು ನನಗೆ ಅದೇ ಕೆಲಸ ಅನ್ನಿಸಿತು. ಒಳ್ಳೆಯದಾಗಲಿ ಮಕ್ಕಳೇ.

ಚಿಗರಿ_ಪ್ರಯಾಣಿಕ

200 ಸಾಲಿನ ಪರೀಕ್ಷೆ ಮುಗಿಸಿದೆ. ಅಕ್ಕ ಮತ್ತು ಫೋರ್‌ಮನ್ ಕಾಕಾ ಕೂತು ತಿದ್ದಿಕೊಟ್ಟರು. ಬರೀ ವಿವರ ಕೊಟ್ಟಾಗ 200ರಲ್ಲಿ 43 ಸಾಲು ತಪ್ಪು. ಗ್ರೂಪ್ ಹೆಸರು, ಪದಪಟ್ಟಿ ಎರಡೂ ಕೊಟ್ಟಾಗ 6. ಆ ಆರರಲ್ಲಿ ನಾಲ್ಕು ಸಂಕ್ಷೇಪದ ತಪ್ಪು, ಸಪ್ತಾಪುರದ ಅಕ್ಕ ಹೇಳಿದ "ಒ" ಕೂಡ ಅದರಲ್ಲಿತ್ತು. ಒಂದೇ ರಾತ್ರಿಯಲ್ಲಿ ಆಗುತ್ತದೆ ಅಂತ ನಾನು ಹೇಳಿದ್ದು ಸರಿ ಇರಲಿಲ್ಲ. ಸ್ಕ್ರಿಪ್ಟ್ ಓಡುವುದು ರಾತ್ರಿಯ ಕೆಲಸವೇ, ಅದಕ್ಕೆ ಮೊದಲಿನ ತಯಾರಿ ವಾರಗಳ ಕೆಲಸ.

ಗೋಕುಲರೋಡ್_ಸ್ಟೋರ್ಸ್

ಕರಾರಿನಲ್ಲಿ ಡೇಟಾ ಹೊರಗೆ ಕಳಿಸಬಾರದು ಅಂತಿದೆ. ಆನ್‌ಲೈನ್ ಸೇವೆಗೆ ಪೂರ್ತಿ ಹಾಕುವ ಹಾಗಿಲ್ಲ. ಏನು ಮಾಡಲಿ?

ಉಣಕಲ್_ಕೆರೆದಂಡೆ

ನಿಮ್ಮದೇ ಕಂಪ್ಯೂಟರಿನಲ್ಲಿ ಓಡಿಸಿ. ಹೆಲ್ಸಿಂಕಿ ವಿಶ್ವವಿದ್ಯಾಲಯದವರ ಓಪಸ್-ಎಂಟಿ ಮಾಡೆಲ್‌ಗಳು ಉಚಿತ, ಜರ್ಮನ್-ಇಂಗ್ಲಿಷ್ ಜೋಡಿ ಇದೆ. ಲಿಬ್ರೆಟ್ರಾನ್ಸ್‌ಲೇಟ್ ಕೂಡ ಇದೆ. ಕೂತು ತಿದ್ದಲು ಒಮೇಗಾಟಿ ಹಾಕಿಕೊಳ್ಳಿ. ಒಮ್ಮೆ ತಿದ್ದಿದ ಸಾಲನ್ನು ಅದು ನೆನಪಿಡುತ್ತದೆ, ಅದೇ ಥರದ ಸಾಲು ಬಂದಾಗ ಎದುರಿಗೆ ತೋರಿಸುತ್ತದೆ. ನಿಮ್ಮ ಪದಪಟ್ಟಿಯನ್ನೂ ಅದರಲ್ಲೇ ಇಡಬಹುದು.

ಗೋಕುಲರೋಡ್_ಸ್ಟೋರ್ಸ್

ಐದು ವಾರ ಆಯಿತು, ಏನಾಯಿತು ಅಂತ ಹೇಳಲೇಬೇಕು.

ಪದಪಟ್ಟಿ ಮುಗಿಯಿತು. ಒಟ್ಟು 2,140 ಪದ. ದಿನಾ ಮಧ್ಯಾಹ್ನ ಊಟ ಆದ ಮೇಲೆ ಕಾಕಾ ನನ್ನ ಪಕ್ಕ ಬಂದು ಕೂರುತ್ತಿದ್ದರು. ಅನುಮಾನ ಬಂದ ಪದಕ್ಕೆ ನಾನು ಡ್ರಾಯಿಂಗ್ ತೆರೆಯುತ್ತಿದ್ದೆ. ಅವರು ನೋಡಿ, ಎದ್ದು ಹೋಗಿ, ರ್‍ಯಾಕಿನಿಂದ ಆ ಪಾರ್ಟ್ ತಂದು ಟೇಬಲ್ ಮೇಲೆ ಇಡುತ್ತಿದ್ದರು. ಎಣ್ಣೆ ಒರೆಸಿ, "ಇದಕ್ಕೆ ಗಿರಾಕಿ ಗ್ಲ್ಯಾಂಡ್ ಅಂತಾನೆ, ಅದನ್ನೇ ಬರಿ" ಅನ್ನುತ್ತಿದ್ದರು. ಜರ್ಮನ್‌ನಲ್ಲಿ ಅದು ಷ್ಟೊಪ್ಫ್‌ಬುಕ್ಸೆಗೆ, ಅಂದರೆ ವಾಲ್ವ್ ದಂಡದ ಸುತ್ತ ಸೋರದಂತೆ ತಡೆಯುವ ಭಾಗಕ್ಕೆ, ಸೇರಿದ ಪಾರ್ಟ್. ಏಜೆನ್ಸಿ ಅದನ್ನು "ತುಂಬುವ ಡಬ್ಬಿ" ಅಂತ ಅರ್ಥ ಬರುವ ಹಾಗೆ ಬರೆದಿತ್ತು. ಸಪ್ತಾಪುರದ ಅಕ್ಕ ಫೋನಿನಲ್ಲಿ ಜರ್ಮನ್ ಬಿಡಿಸಿ ಹೇಳುತ್ತಿದ್ದರು, ಕಾಕಾ ಕಬ್ಬಿಣ ನೋಡಿ ಹೇಳುತ್ತಿದ್ದರು, ನಾನು ನಡುವೆ ಬರೆದುಕೊಳ್ಳುತ್ತಿದ್ದೆ. ಕಾಕಾ ಹೆಸರನ್ನು "ಯಾರು ನೋಡಿದರು" ಕಾಲಂನಲ್ಲಿ ಹಾಕಿದ್ದೇನೆ. ಅವರಿಗೆ ತೋರಿಸಿದಾಗ ಸುಮಾರು ಹೊತ್ತು ಸ್ಕ್ರೀನ್ ನೋಡುತ್ತಾ ಇದ್ದರು.

ಒಂದು ಜಗಳವೂ ಆಯಿತು. ಆಫೀಸಿನವರು ಜರ್ಮನ್ ಮಾನಕದ ಡಿನ್ ನಂಬರ್ ತೆಗೆದು ಅಂತರರಾಷ್ಟ್ರೀಯ ಮಾನಕದ ಐಎಸ್‌ಒ ನಂಬರ್ ಹಾಕಿ, ಇಂಗ್ಲಿಷ್ ಪಟ್ಟಿ ಅಲ್ವಾ ಅಂದರು. ಡಿನ್ 933ಕ್ಕೆ ಐಎಸ್‌ಒ 4017 ಸಮ ಅಂತ ಪಟ್ಟಿಗಳಲ್ಲಿ ಇದೆ, ನಿಜ. ಆದರೆ ಎಂ10 ಬೋಲ್ಟಿನ ತಲೆಗೆ ಡಿನ್‌ನಲ್ಲಿ 17ರ ಪಾನಾ, ಐಎಸ್‌ಒದಲ್ಲಿ 16ರದ್ದು. ಕಾಕಾ ಎರಡೂ ಪಾನಾ ತಂದು ಅವರ ಟೇಬಲ್ ಮೇಲೆ ಇಟ್ಟರು. ಡಿನ್ ಹಾಗೇ ಉಳಿಯಿತು.

ಸಪ್ತಾಪುರ_ಜರ್ಮನ್

ಸರಿಯಾಗಿ ಮಾಡಿದಿರಿ. ನಂಬರ್ ಬದಲಿಸುವುದು ಅನುವಾದ ಅಲ್ಲ, ಅದು ಪಾರ್ಟ್ ಬದಲಿಸಿದ ಹಾಗೆ.

ಬ್ಯಾಡಗಿ_ಪೇಟೆ

ಅಕ್ಕಾರೇ, ಆ ಪದಪಟ್ಟಿ ಇಲ್ಲಿ ಹಾಕಲು ಆಗುತ್ತದಾ? ನಮ್ಮ ಕಡೆ ಪಂಪ್ ಸ್ಪೇರ್ ಮಾರುವವರಿಗೂ ಬೇಕಾಗಿದೆ.

ಗೋಕುಲರೋಡ್_ಸ್ಟೋರ್ಸ್

ಮಾಲೀಕರನ್ನು ಕೇಳಿದೆ ಅಣ್ಣಾ. ಆ ಕಂಪನಿಯದೇ ಪದಗಳನ್ನು ತೆಗೆದು, ಎಲ್ಲೂ ಬಳಸುವ ಪದಗಳನ್ನು ಹಾಕು ಅಂದರು. ಸುಮಾರು 900 ಆಗುತ್ತವೆ. ಭಾನುವಾರ ಹಾಕುತ್ತೇನೆ.

ಒಂದೇ ಒಂದು ಪದ ಬಾಕಿ ಇದೆ. ಷ್ಟುಟ್ಸೆನ್. 212 ಸಾಲಿನಲ್ಲಿದೆ. ಒಂದು ಕಡೆ ನಾಝಲ್ ಅಂತ ಸರಿ ಹೋಗುತ್ತದೆ, ಇನ್ನೊಂದು ಕಡೆ ಸಾಕೆಟ್ ಅನ್ನಿಸುತ್ತದೆ. ಕಾಕಾಗೂ ಖಾತ್ರಿ ಇಲ್ಲ.

ಸಪ್ತಾಪುರ_ಜರ್ಮನ್

ಅದು ಹೊರಗೆ ಚಾಚಿದ ಗಿಡ್ಡ ಪೈಪಿನ ತುಂಡು, ಜಾಗ ನೋಡಿ ಹೆಸರು ಬದಲಾಗುತ್ತದೆ. 212ಕ್ಕೂ ಒಂದೇ ಹೆಸರು ಕೊಡಬೇಡಿ. ಡ್ರಾಯಿಂಗ್ ನಂಬರ್‌ಗಳನ್ನು ಕಳಿಸಿ, ನಾಳೆ ಬೆಳಗ್ಗೆ ನಾನೇ ಗೋಕುಲ ರೋಡಿಗೆ ಬರುತ್ತೇನೆ. ಕಾಕಾಗೆ ರ್‍ಯಾಕಿನಿಂದ ನಾಲ್ಕೈದು ಪಾರ್ಟ್ ತೆಗೆದಿಡಲು ಹೇಳಿ.